ಬೀದಿಗೆಲ್ಲ ಒಂದೇ ನಂಬರು

ಅಕ್ಕ ಅದು ಸೋಮವಾರ ಎನ್ನುತ್ತಾಳೆ. ಅಂದು ಒಪ್ಪೊತ್ತಿದ್ದುದರಿಂದ ಬೆಳಗಿನಿಂದ ಏನೂ ತಿಂದಿರಲಿಲ್ಲವೆಂದೂ ಆ ಬಳಲಿಕೆಯಲ್ಲೇ ಬುದ್ಧಿ ಮಂಕಾಯಿತೆಂದೂ ಅವಳ ವಾದ. ಬ್ಯಾಂಕಿಗೆ ಕೊಟ್ಟ ದೂರಿನ ಸ್ವೀಕೃತಿಯ ಮೇಲೆ ಬಿದ್ದಿರುವ ಮೊಹರು ಮಂಗಳವಾರದ್ದು. ನನ್ನ ದಿನಚರಿಯೂ ಮಂಗಳವಾರವೆಂದೇ ಹೇಳುತ್ತದೆ. ಕಲ್ಲಿನ ಮೇಲಿನ ಬರಹಗಳ ಕಾಲನಿರ್ಣಯವನ್ನೇ ವೃತ್ತಿಯಾಗಿ ಮಾಡಿಕೊಂಡು ಬದುಕಿದವನು ನಾನು. ಸಂವತ್ಸರ, ಮಾಸ, ಪಕ್ಷ, ತಿಥಿ ಎಲ್ಲವೂ ಸರಿಹೊಂದಿ ವಾರ ಒಂದು ಹೊಂದದಿದ್ದರೆ ಆ ಕಲ್ಲನ್ನೇ ಅನುಮಾನಿಸುವುದು ನಮ್ಮ ರೂಢಿ. ಆದರೂ ಅಕ್ಕನ ಸೋಮವಾರವನ್ನು ನಾನು ಹೊಡೆದುಹಾಕಿಲ್ಲ. ಹಸಿವಿನ ನೆನಪು ಸುಳ್ಳಲ್ಲ. ಅಂದು ಅವಳು ನಿಜವಾಗಿಯೂ ಏನೂ ತಿಂದಿರಲಿಲ್ಲ. ಕಾರಣ ಮಾತ್ರ ಒಪ್ಪೊತ್ತಲ್ಲ, ಬೆಳಗಿನಿಂದ ಅವಳನ್ನು ಕೂತಲ್ಲಿಂದ ಏಳಲು ಬಿಟ್ಟಿರಲಿಲ್ಲ.

ನಿವೃತ್ತನಾಗಿ ಹುಣಸೂರಿಗೆ ಬಂದು ನೆಲೆಸಿದ ಮೇಲೆ ನನ್ನ ಪಾಲಿಗೆ ಒಂದು ಸಣ್ಣ ಕೆಲಸ ಬಂದಿತ್ತು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಶಾಖೆಗಳಿರುವ ಒಂದು ಸಹಕಾರಿ ಬ್ಯಾಂಕು ಮೂರು ತಿಂಗಳಿಗೊಮ್ಮೆ ಗ್ರಾಹಕರಿಗಾಗಿ ಒಂದು ಹಾಳೆ ಅಚ್ಚು ಹಾಕಿಸಿ ಹಂಚುತ್ತದೆ. ಹ್ಯಾಂಡ್‌ಪೋಸ್ಟಿನ ಶಾಖೆ ಯಾವ ಕಟ್ಟಡಕ್ಕೆ ಹೋಯಿತು, ಭೇರ್ಯದಲ್ಲಿ ಲಾಕರ್ ಯಾವಾಗಿನಿಂದ ಸಿಗುತ್ತದೆ, ವಾರ್ಷಿಕ ಮಹಾಸಭೆ ಎಂದು, ಇಂಥ ಸುದ್ದಿಗಳ ಕೆಳಗೆ ‘ಎಚ್ಚರಿಕೆ’ ಎಂಬ ಒಂದು ಅಂಕಣ. ಇದರ ಕರಡನ್ನು ತಿದ್ದಿ, ದಿನಾಂಕಗಳನ್ನು ಕ್ಯಾಲೆಂಡರಿನೊಂದಿಗೆ ತಾಳೆ ನೋಡಿ ಕೊಡುವುದು ನನ್ನ ಪಾಲಿನ ಕೆಲಸ. ಹುಣಸೂರು ಶಾಖೆಯ ವ್ಯವಸ್ಥಾಪಕಿ ಆ ಸಲ ಕರಡು ಕೊಡುವಾಗ ಹೇಳಿದ್ದರು: “ಸಾರ್, ಪಿರಿಯಾಪಟ್ಟಣದಲ್ಲಿ ಮೂರು ಜನ ಮೋಸ ಹೋಗಿದ್ದಾರೆ. ಈಗ ಹೊಗೆಸೊಪ್ಪಿನ ದುಡ್ಡು ಬರೋ ಕಾಲ. ಹಳ್ಳಿಯವರಿಗೆ ಅರ್ಥ ಆಗೋ ಹಾಗೆ ಬರೀರಿ. ಯಾರ ಹತ್ರಾದ್ರೂ ಓದಿಸಿ ನೋಡಿ.”

ಓದಿಸಿ ನೋಡಲು ನನಗೆ ಅಕ್ಕನಿಗಿಂತ ಒಳ್ಳೆಯ ಓದುಗರು ಯಾರಿದ್ದರು? ಗಾವಡಗೆರೆ ಕಡೆಯ ಹಳ್ಳಿಯೊಂದರಲ್ಲಿ ಅವಳ ಮನೆ. ಏಳನೆಯ ತರಗತಿಯವರೆಗೆ ಓದಿದವಳು. ಆ ಬೀದಿಯಲ್ಲಿ ಅವಳ ವಯಸ್ಸಿನವರ ಪೈಕಿ ಅಕ್ಷರ ಕೂಡಿಸಿ ಓದಬಲ್ಲವಳು ಅವಳೊಬ್ಬಳೇ. ಆ ಓದಿನಿಂದಲೇ ಬೀದಿಯಲ್ಲಿ ಒಂದು ವಿಚಿತ್ರ ಪದ್ಧತಿ ಹುಟ್ಟಿಕೊಂಡಿತ್ತು. ಹೊಗೆಸೊಪ್ಪಿನ ಹರಾಜಿನ ಹಣ ನೇರವಾಗಿ ಖಾತೆಗೆ ಬರತೊಡಗಿದಾಗ ಎಲ್ಲರೂ ಬ್ಯಾಂಕಿಗೆ ಒಂದು ಮೊಬೈಲ್ ನಂಬರು ಕೊಡಬೇಕಾಯಿತು. ಗಂಡಸರ ಫೋನುಗಳು ಗದ್ದೆಯಲ್ಲಿ ಬೀಳುತ್ತಿದ್ದವು, ಸೊಪ್ಪು ಬೇಯಿಸುವ ಬ್ಯಾರನ್ನಿನ ಬೆಂಕಿಯ ಹತ್ತಿರ ಮರೆತು ಸುಟ್ಟು ಹೋಗುತ್ತಿದ್ದವು. ಹೊಸ ಆಫರ್ ಬಂದಾಗಲೆಲ್ಲ ಸಿಮ್ ಬದಲಾಗುತ್ತಿತ್ತು. ಬದಲಾಗದೆ ಉಳಿದದ್ದು ಅಕ್ಕನ ನಂಬರು ಒಂದೇ. ಹಾಗಾಗಿ ಆ ಬೀದಿಯ ಆರು ಮನೆಯವರೂ ತಮ್ಮ ಖಾತೆಗೆ ಅಕ್ಕನ ನಂಬರನ್ನೇ ಬರೆಸಿದರು. ಆಗ ಯಾರೂ ಬೇಡ ಎನ್ನಲಿಲ್ಲ.

ಯಾರ ಖಾತೆಯ ಸಂದೇಶವೇ ಬರಲಿ, ಅಕ್ಕ ಕನ್ನಡಕ ಏರಿಸಿ ಓದಿ, ಜಗಲಿಗೆ ಬಂದು, ಆ ಮನೆಯವರನ್ನು ಕೂಗಿ ಹೇಳುತ್ತಿದ್ದಳು. ಇಂಗ್ಲಿಷಿನಲ್ಲಿ ಅವಳಿಗೆ ಬೇಕಾದವು ಕ್ರೆಡಿಟ್, ಡೆಬಿಟ್ ಎಂಬ ಎರಡೇ ಮಾತುಗಳು. ಒಂದರ ಆಕಾರ ಕಂಡರೆ “ಬಂದೈತೆ”, ಇನ್ನೊಂದರ ಆಕಾರ ಕಂಡರೆ “ಓಗೈತೆ”. ಹಿತ್ತಲಲ್ಲಿದ್ದರೂ ಕೇಳಿಸಲೆಂದು ಅವಳ ಮಗ ಸಂದೇಶದ ಸದ್ದಿಗೆ ಕೋಳಿಯ ಕೂಗನ್ನು ಇಟ್ಟುಕೊಟ್ಟಿದ್ದ. ನಡುಹಗಲಲ್ಲಿ ಕೋಳಿ ಕೂಗಿತೆಂದರೆ ಯಾರದೋ ಮನೆಗೆ ಹಣದ ಸುದ್ದಿ ಬಂತೆಂದು ಬೀದಿಗೆಲ್ಲ ಗೊತ್ತು. ಕಿವಿಗಳು ನೆಟ್ಟಗಾಗುತ್ತಿದ್ದವು. “ಅಕ್ಕಾ, ನಂದಾ?” ಎಂದು ಎರಡು ಮೂರು ಕಡೆಯಿಂದ ಕೇಳುತ್ತಿದ್ದರು. ಓಟಿಪಿ ಎಂಬುದು ಉಳಿದ ಜಗತ್ತಿಗೆ ಗುಟ್ಟಿನ ಸಂಖ್ಯೆ. ಆ ಬೀದಿಯಲ್ಲಿ ಅದು ಜಗಲಿಯಿಂದ ಜಗಲಿಗೆ ಕೂಗಿ ಹೇಳುವ ಸಂಖ್ಯೆ. ಬ್ಯಾಂಕಿನವರು ಈಚೆಗೆ, ಅವರವರ ಖಾತೆಗೆ ಅವರವರದೇ ನಂಬರು ಕೊಡಿ ಎಂದು ಹೇಳತೊಡಗಿದ್ದರು. ಆರು ಮನೆಯವರೂ ಹೂಂಗುಟ್ಟಿ ಸುಮ್ಮನಿದ್ದರು. ಅಕ್ಕನೂ ಒತ್ತಾಯಿಸಿರಲಿಲ್ಲ. ಆ ಕೂಗಿನಲ್ಲಿ ಅವಳಿಗೊಂದು ಹಿರಿತನವಿತ್ತು, ಅದನ್ನು ಬಿಟ್ಟುಕೊಡಲು ಯಾರಿಗೆ ಮನಸ್ಸಾದೀತು?

ಆ ಮಂಗಳವಾರ ಕರಡನ್ನು ಜೇಬಿನಲ್ಲಿಟ್ಟುಕೊಂಡು ಬಸ್ಸಿಳಿದು ಬೀದಿಗೆ ಬಂದಾಗ ಮೊದಲು ಕಂಡವಳು ಎದುರುಮನೆಯಾಕೆ. ಜಗಲಿಯ ಮೇಲೆ ಕೂತು ಬೇಯಿಸಿದ ಹೊಗೆಸೊಪ್ಪನ್ನು ಬಣ್ಣ ನೋಡಿ ವಿಂಗಡಿಸುತ್ತಿದ್ದಳು. ನನ್ನನ್ನು ಆ ಊರಿನವರು ಶಾಸನದ ಮೇಷ್ಟ್ರು ಎಂದು ಕರೆಯುತ್ತಾರೆ.

“ಬನ್ನಿ ಮೇಷ್ಟ್ರೆ. ಅಕ್ಕ ಬೆಳಗ್ಗಿಂದ ಬಾಗ್ಲೇ ತಗ್ದಿಲ್ಲ. ನೆನ್ನೆ ಸಂದೇಲಿ ಎಲ್ಲಾರ ಮನೆಗೂ ಬಂದು ಎಟಿಎಂ ಕಾರ್ಡ್ ಈಸ್ಕಂಡೋದ್ರು. ಬ್ಯಾಂಕ್‌ನೋರು ಕೇಳವ್ರೆ ಅಂದ್ರು. ನೀವೇ ಯೋಳಿದ್ರಂತಾ?”

“ನಾನಾ? ಇಲ್ಲವಲ್ಲ.”

“ಮತ್ಯಾಕೋ! ನಾನೂ ಕೊಟ್ಟೆ. ಮೂರ್ ಸಲದ ಬೇಲು ದುಡ್ಡೂ ಅದ್ರಲ್ಲೇ ಅದೆ, ಒಂದ್ ರೂಪಾಯೂ ತಗ್ದಿಲ್ಲ. ಮಗಳ ನರ್ಸಿಂಗ್ ಸೀಟಿಗೆ ಅಂತ ಇಟ್ಟಿವ್ನಿ. ಈ ವಾರ ಕಟ್ಬೇಕು.” ಅವಳು ಒಂದು ಎಲೆಯನ್ನು ಬೆಳಕಿಗೆ ಹಿಡಿದು, ಬಲಗಡೆಯ ರಾಶಿಗೆ ಹಾಕಿದಳು.

ಅಕ್ಕನ ಬಾಗಿಲು ತಟ್ಟಿದೆ. ಒಳಗಿನಿಂದ ದನಿ ಬಂತು. “ಮೈಗುಸಾರಿಲ್ಲ. ನಾಳೆ ಬನ್ನಿ.”

“ಅಕ್ಕ, ನಾನು.”

“ಗೊತ್ತಾಯ್ತು. ನಾಳೆ ಬನ್ನಿ.”

ಎತ್ತಿ ಆಡಿಸಿದ ತಮ್ಮನಿಗೆ ಅವಳು ‘ಬನ್ನಿ’ ಎಂದದ್ದು ಜೀವಮಾನದಲ್ಲಿ ಅದೇ ಮೊದಲು. ಮಗ ಸೊಸೆ ಹೊಗೆಸೊಪ್ಪಿನ ಬೇಲು ಮೂಟೆಗಳನ್ನು ಹೇರಿಕೊಂಡು ಹರಾಜಿಗೆ ಹೋಗಿದ್ದರು, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಸಂದಿಯಿಂದ ಸುತ್ತಿ ಹಿತ್ತಲಿಗೆ ಹೋದೆ. ಅಡುಗೆಮನೆಯ ಬಾಗಿಲಿಗೆ ಅಗುಳಿ ಹಾಕಿರಲಿಲ್ಲ.

ನಡುಮನೆಯಲ್ಲಿ ಅಕ್ಕ ಚಾಪೆಯ ಮೇಲೆ ನೆಟ್ಟಗೆ ಕೂತಿದ್ದಳು. ಎದುರಿಗೆ ಮಣೆಯ ಮೇಲೆ, ಚೊಂಬಿಗೆ ಒರಗಿಸಿ ಫೋನು. ಅದರಲ್ಲಿ ಖಾಕಿ ತೊಟ್ಟ ಒಬ್ಬನ ಮುಖ. ಅವಳ ಮುಂದೆ ಚಾಪೆಯ ಮೇಲೆ ಆರು ಕಾರ್ಡುಗಳು ಸಾಲಾಗಿದ್ದವು. ನನ್ನನ್ನು ಕಂಡೊಡನೆ ಅವಳ ಕಣ್ಣು ಆ ಕಡೆ ಹೊರಳಿತು.

“ಅಮ್ಮಾ, ಕ್ಯಾಮೆರಾ ಬಿಟ್ಟು ಎಲ್ಲಿ ನೋಡ್ತಿದೀರಿ? ಯಾರು ಬಂದ್ರು?” ಫೋನಿನವನ ಕನ್ನಡ ನಗರದ್ದು, ನಯವಾದದ್ದು.

“ಯಾರೂ ಇಲ್ಲ ಸ್ವಾಮಿ. ಬೆಕ್ಕು.”

ನಾನು ಬೆಕ್ಕಿನಂತೆಯೇ ಗೋಡೆಗೊತ್ತಿ ನಿಂತೆ. ಜೇಬಿನಿಂದ ಕರಡು ತೆಗೆದು, ಅವಳಿಗೆ ಕಾಣುವಂತೆ, ಅವನಿಗೆ ಕಾಣದಂತೆ ಹಿಡಿದು, ‘ಎಚ್ಚರಿಕೆ’ಯ ಮೊದಲ ಸಾಲಿನ ಮೇಲೆ ಬೆರಳಿಟ್ಟೆ. ‘ನಿಮ್ಮ ಕಾರ್ಡಿನ ವಿವರ, ಓಟಿಪಿ, ಇವುಗಳನ್ನು ಯಾರಿಗೂ ಹೇಳಬೇಡಿ’ ಎಂದಿತ್ತು. ಅಕ್ಕ ಓದಿದಳು. ‘ಯಾರಿಗೂ ಹೇಳಬೇಡಿ’ ಎಂಬಲ್ಲಿ ಅವಳ ಕಣ್ಣು ನಿಂತಿತು. ತಲೆ ಅಲ್ಲಾಡಿಸಿ, ಗಲ್ಲವೆತ್ತಿ ಫೋನಿನ ಕಡೆ ತೋರಿಸಿದಳು. ಈ ತನಿಖೆಯ ಸುದ್ದಿ ಯಾರಿಗೂ ಹೇಳಬೇಡಿ ಎಂದು ಅವನೂ ಹೇಳಿದ್ದಾನೆ ಎಂದು ಅರ್ಥ. ಬ್ಯಾಂಕಿನ ಹಾಳೆಯೂ ಖಾಕಿಯವನೂ ಒಂದೇ ಮಾತಾಡುತ್ತಿದ್ದಾರೆಂದು ಅವಳಿಗೆ ಇನ್ನಷ್ಟು ದೃಢವಾದಂತಿತ್ತು.

“ಸ್ವಾಮಿ, ಬಾಯೊಣಗ್ತದೆ. ಒಂದ್ ಗುಟುಕು ನೀರು ಕುಡೀತೀನಿ.”

“ಬೇಗ. ಫೋನು ಅಲ್ಲೇ ಇರಲಿ.”

ಅಡುಗೆಮನೆಯಲ್ಲಿ ಅಕ್ಕ ನನ್ನ ಮುಂಗೈ ಹಿಡಿದಳು. ಪಿಸುದನಿಯಲ್ಲೇ ಗದರಿದಳು. “ಓಗೋ ಇಲ್ಲಿಂದ. ನಿನ್ನೂ ಇಡ್ಕಂಡೋಯ್ತಾರೆ.”

“ಅಕ್ಕ, ಅವನು ಪೊಲೀಸಲ್ಲ. ಕಳ್ಳ.”

“ಕಳ್ಳಂಗೆ ಎಂಗ್ಲಾ ಗೊತ್ತಾಯ್ತದೆ? ಆರು ಮನೆ ಖಾತೆಗೆ ಒಂದೇ ನಂಬರ್ ಕೊಟ್ಟಿದ್ದೀಯ, ಅದು ಕೇಸು ಅಂದ. ದಿಟ ತಾನೆ? ನಾ ಕೊಟ್ಟಿಲ್ವಾ? ನಿನ್ ಬ್ಯಾಂಕ್‌ನೋರೇ ಯೋಳ್ಳಿಲ್ವಾ, ಅಂಗೆ ಕೊಡಬಾರ್ದು ಅಂತ?”

“ಅದು ತಪ್ಪು ಅಕ್ಕ, ಅಪರಾಧ ಅಲ್ಲ.”

“ನಿಂದೊಂದು ಯಾಕರಣ! ಆರು ಮನೇನೂ ಜೈಲಿಗ್ ಆಕಾಕೆ ಆದೇಸ ಅದೆ ಅಂತವ್ನೆ. ಕಾರ್ಡ್ ನಂಬರ್ ಯೋಳಿದ್ರೆ ದುಡ್ಡು ಸರ್ಕಾರದ ಖಾತೇಲಿ ಇಟ್ಟು ತನಿಖೆ ಮಾಡಿ ವಾಪಸ್ ಕೊಡ್ತಾರಂತೆ. ನನ್ನಿಂದ ಅವ್ರಿಗ್ ಕೋಳ ಬೀಳೋದು ಬ್ಯಾಡ. ಓಗು.”

ಅವನು ಅವಳನ್ನು ಹಿಡಿದದ್ದು ಸುಳ್ಳಿನಿಂದಲ್ಲ, ಅವಳದೇ ಒಂದು ನಿಜದಿಂದ. ಹಿಂದಿನ ದಿನ ಅವನು “ಈ ನಂಬರು ಯಾರ ಖಾತೆಗಿದೆ?” ಎಂದಷ್ಟೇ ಕೇಳಿದ್ದನಂತೆ. ಆರು ಮನೆಯ ಹೆಸರನ್ನೂ ಹೆಮ್ಮೆಯಿಂದ ಒಪ್ಪಿಸಿದವಳು ಇವಳೇ. ಆದರೆ ಅದನ್ನು ತಿಳಿದದ್ದು ಆಮೇಲೆ. ಆಗ ನನಗೆ ಕಾಣುತ್ತಿದ್ದದ್ದು ಒಂದೇ: ಆರು ಮನೆಗಳ ಆ ವರ್ಷದ ಹೊಗೆಸೊಪ್ಪಿನ ಹಣವೆಲ್ಲ ಈ ಒಂದು ಫೋನಿನ ಬಾಯಲ್ಲಿತ್ತು, ಆ ಬಾಯಿ ನನ್ನಕ್ಕನದು.

ಅವಳು ಚಾಪೆಗೆ ಮರಳಿದಳು. ಅವನು ಮೊದಲ ಕಾರ್ಡು ಎತ್ತಲು ಹೇಳಿದ. ಅದು ಎದುರುಮನೆಯಾಕೆಯದು. ಅಕ್ಕ ಮುಂದಿನ ಅಂಕೆಗಳನ್ನು ಓದಿದಳು. ತಿರುಗಿಸಿ ಹಿಂದಿನವನ್ನೂ ಓದಿದಳು. ಕೋಳಿ ಕೂಗಿತು.

“ಈಗ ಬಂತಲ್ಲ, ಆ ನಂಬರ್ ಓದಿ ಅಮ್ಮಾ.”

ಫೋನು ಕಸಿದುಕೊಳ್ಳಬಹುದಿತ್ತೆಂದು ಆಮೇಲೆ ಬಹಳ ಜನ ಹೇಳಿದರು. ನಾನು ಹಾಗೆ ಮಾಡಲಿಲ್ಲ. ಬದುಕಿನಲ್ಲಿ ಕಲಿತ ಒಂದೇ ವಿದ್ಯೆಯನ್ನು ನಂಬಿ ಚೊಂಬಿನೆದುರು ಬಂದು ಕೂತೆ.

“ನೀವು ಹೇಳುವ ಆದೇಶದ ದಿನಾಂಕ ಯಾವುದು?” ಎಂದೆ.

ಅವನು ಒಂದು ಕ್ಷಣ ತಡೆದ. ನಂತರ ಹಾಳೆಯೊಂದನ್ನು ನೋಡಿ ದಿನಾಂಕ ಹೇಳಿದ. ನಾನು ಮನಸ್ಸಿನಲ್ಲೇ ಗುಣಿಸಿದೆ. “ಅದು ಭಾನುವಾರ. ಭಾನುವಾರ ಯಾವ ಕಚೇರಿ ಆದೇಶ ಹೊರಡಿಸುತ್ತದೆ?” ನನ್ನ ದನಿಯಲ್ಲಿ ಗೆದ್ದವನ ಧಾಟಿ ಇತ್ತೆಂದು ಕಾಣುತ್ತದೆ.

“ಪೊಲೀಸ್ನೋರಿಗೆ ಭಾನುವಾರ ಉಂಟೇನೋ!” ಎಂದದ್ದು ಅವನಲ್ಲ, ಅಕ್ಕ.

ಅವನು ಬೇರೆಯೇ ದನಿ ತೆಗೆದ. “ಬೆಕ್ಕು ಅಂದ್ರಲ್ಲ ಅಮ್ಮಾ, ಇದೇನಾ ಬೆಕ್ಕು? ತನಿಖೆಗೆ ಅಡ್ಡಿ. ಇವರ ಹೆಸರೂ ಸೇರಿಸ್ತೀನಿ. ಈಗಲೇ ಜೀಪು ಕಳಿಸ್ತೀನಿ. ಈ ವಯಸ್ಸಲ್ಲಿ ಕಂಬಿ ಎಣಿಸಲಿ.”

ಅಕ್ಕ ಎರಡೂ ಕೈಯಿಂದ ನನ್ನನ್ನು ಪಕ್ಕಕ್ಕೆ ನೂಕಿದಳು. ಆ ನೂಕಿನಲ್ಲಿದ್ದದ್ದು ಸಿಟ್ಟಲ್ಲ. ಹುಡುಗನಾಗಿದ್ದಾಗ ಹೋರಿ ನುಗ್ಗಿ ಬಂದರೆ ಅವಳು ನನ್ನನ್ನು ಹೀಗೆಯೇ ಬದಿಗೆ ನೂಕಿ ತಾನು ಮುಂದೆ ನಿಲ್ಲುತ್ತಿದ್ದಳು. “ಸ್ವಾಮಿ, ಅವ್ನಿಗೂ ಇದ್ಕೂ ಸಂಬಂಧವಿಲ್ಲ. ಬರ್ಕಳಿ, ನಾ ಓದ್ತೀನಿ,” ಎಂದು ಒಂದೊಂದೇ ಅಂಕೆಯನ್ನು ಓದಿಬಿಟ್ಟಳು. ನನ್ನ ಭಾನುವಾರ ಅವಳನ್ನು ಅವನ ಕೈಗೆ ಇನ್ನಷ್ಟು ಬಲವಾಗಿ ಒಪ್ಪಿಸಿತ್ತು.

ನಾನು ಹಿತ್ತಲಿಗೆ ಓಡಿ ವ್ಯವಸ್ಥಾಪಕಿಗೆ ಕರೆ ಮಾಡಿದೆ. ಆಕೆ ಪ್ರಶ್ನೆಗಳಲ್ಲಿ ಕಾಲ ಕಳೆಯಲಿಲ್ಲ. “ಸಾರ್, ಆರೂ ಖಾತೆ ತಡೆ ಹಿಡೀತೀನಿ. ಆದ್ರೆ ನೀವು ಹೇಳಿದ್ರೆ ಸಾಲದು, ಖಾತೆದಾರರೇ ನನ್ ಹತ್ರ ಮಾತಾಡ್ಬೇಕು. ಎಲ್ಲರನ್ನೂ ಲೈನಿಗೆ ತನ್ನಿ. ಈಗಲೇ. ಪಾಸ್‌ಬುಕ್ಕಿನ ಹಿಂದೆ ಸೈಬರ್ ಸಹಾಯವಾಣಿ ಇದೆ, ದುಡ್ಡು ಹೋದೋರು ಅಲ್ಲಿಗೂ ಹೇಳ್ಬೇಕು. ಎಷ್ಟು ಬೇಗ ಹೇಳ್ತೀರೋ ಅಷ್ಟು ಉಳಿಯುತ್ತೆ.”

ಸಂದಿಯಿಂದ ಬೀದಿಗೆ ಬಂದೆ. ಎದುರುಮನೆಯಾಕೆ ಜಗಲಿಯಲ್ಲಿ ಎಲೆ ವಿಂಗಡಿಸುತ್ತಲೇ ಇದ್ದಳು. ಈಗ ನಾನು ಬೀದಿಯಲ್ಲಿ ನಿಂತು, ನಿಮ್ಮ ಅಕ್ಕ ನಿಮ್ಮ ಕಾರ್ಡುಗಳನ್ನು ಕಳ್ಳನಿಗೆ ಓದಿ ಹೇಳುತ್ತಿದ್ದಾಳೆ ಎಂದು ಕೂಗಬೇಕು. ಕೂಗಿದರೆ ಹಣ ಉಳಿದೀತು. ಅಕ್ಕ ಮತ್ತೆ ಆ ಜಗಲಿಯಲ್ಲಿ ಕೂರಲಾರಳು. ಕೂಗುವುದೇ ಸರಿಯೆಂದು ಗೊತ್ತಿತ್ತು. ಬಾಯಿ ತೆರೆದೆ. ಆಗ ಒಳಗೆ ಮತ್ತೆ ಕೋಳಿ ಕೂಗಿತು.

ಎದುರುಮನೆಯಾಕೆಯ ಕೈ ನಿಂತಿತು. “ಅಕ್ಕಾ, ನಂದಾ?” ಎಂದು ಎಂದಿನಂತೆ ಕೇಳಿದಳು.

ಉತ್ತರ ಬರಲಿಲ್ಲ.

“ಅಕ್ಕಾ! ಕೋಳಿ ಕೂಗ್ತಲ್ಲ, ಯಾರ್ದು? ನೆನ್ನೆ ಬೇಲಿಂದಾ?”

ಇಷ್ಟು ವರ್ಷಗಳಲ್ಲಿ ಆ ಪ್ರಶ್ನೆಗೆ ಅಕ್ಕ ಉತ್ತರ ಕೊಡದೆ ಇದ್ದದ್ದಿಲ್ಲ. ಜ್ವರ ಬಂದು ಮಲಗಿದ್ದಾಗಲೂ ಹೊದಿಕೆಯೊಳಗಿಂದಲೇ “ನಿಂದಲ್ಲ, ಮೂಲೇಮನೇದು” ಎಂದದ್ದನ್ನು ನಾನೇ ಕೇಳಿದ್ದೇನೆ. ಈಗ ಒಳಗಿನಿಂದ ಕೇಳುತ್ತಿದ್ದದ್ದು ಅವನ ದನಿ ಮಾತ್ರ. “ಸುಮ್ನಿರಿ ಅಮ್ಮಾ. ಮಾತಾಡಬೇಡಿ. ಇಲ್ಲ ಅಂತ ಹೇಳಿ. ಎರಡನೇ ಕಾರ್ಡ್ ತಗೊಳ್ಳಿ.”

ಬಾಗಿಲ ಅಗುಳಿ ಸರಿದ ಸದ್ದಾಯಿತು. ಅಕ್ಕ ಫೋನು ಹಿಡಿದುಕೊಂಡೇ ಜಗಲಿಗೆ ಬಂದಳು. ಕನ್ನಡಕ ಮೂಗಿನ ತುದಿಯಲ್ಲಿತ್ತು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಎದುರಿಗೆ ನೋಡಿದಳು.

“ನಿಂದೇ ಕಣವ್ವ,” ಎಂದಳು. “ಬಂದಿಲ್ಲ. ಓಗೈತೆ. ನಾನೇ ನಂಬರ್ ಯೋಳ್ಬುಟ್ಟೆ.”

ಆಮೇಲೆ, ಜೈಲಿಗೆ ಹೋಗುವವಳು ಕೊನೆಯ ಬಾರಿಗೆಂಬಂತೆ, ಒಂದೊಂದೇ ಮನೆಯನ್ನು ಕೂಗಿದಳು. “ಮೂಲೇಮನೆಯೋರೇ, ಬಾವಿಮನೆಯೋರೇ, ಎಲ್ಲಾ ಈಚ್ಗೆ ಬರ್ರೋ. ನಿಮ್ ಕಾರ್ಡೆಲ್ಲಾ ನನ್ತವ ಅವೆ. ಇವ ಕೇಳ್ತಾವ್ನೆ. ಕೊಡ್ಬೇಕೋ ಬ್ಯಾಡ್ವೋ ನೀವೇ ಯೋಳ್ಬುಡಿ.” ಫೋನನ್ನು ಬೀದಿಯ ಕಡೆ ತಿರುಗಿಸಿ ಹಿಡಿದಳು.

“ಒಳಗ್ ಹೋಗಿ ಅಮ್ಮಾ! ಈಗಲೇ ಅರೆಸ್ಟ್ ಮಾಡ್ತೀನಿ!” ಖಾಕಿಯವನು ಕಿರುಚುತ್ತಿದ್ದ. ಬಾಗಿಲುಗಳು ತೆರೆದವು. ಎಲೆಯ ಧೂಳು ಮೆತ್ತಿದ ಕೈಗಳು, ಸೌಟು ಹಿಡಿದ ಕೈಗಳು ಫೋನಿನ ಸುತ್ತ ಸೇರಿದವು.

“ಯಾವನ್ಲಾ ಇವ್ನು? ಟೋಪಿ ನೋಡ್ಲಾ, ನಾಟ್ಕದ ಸಾಮಾನಿದ್ದಂಗದೆ.”

“ಮೀಸೆ ದಿಟವೇ ಇರ್ಬೇಕು ಬುಡು.”

ಬೇಲು ಕಟ್ಟುವ ಗೋಣಿತಾಟು ಮಾರಲು ಹುಣಸೂರಿನಿಂದ ಪಿಕಪ್ ತರುವ ಒಬ್ಬ ಸಾಬರು ಆಗ ತಾನೇ ಬೀದಿಯ ತುದಿಯಲ್ಲಿ ಗಾಡಿ ನಿಲ್ಲಿಸಿದ್ದರು. ತಂದೆಯ ಕಾಲದಿಂದ ಈ ಊರುಗಳಿಗೆ ತಾಟು ಕೊಡುವ ಮನೆತನ. ಅವರು ಕುತ್ತಿಗೆ ಚಾಚಿ ನೋಡಿ ಹೇಳಿದರು. “ಅರೆ ಸಾಹೇಬ್ರೇ, ಯಾವ ಸ್ಟೇಷನ್ನು ನಿಮ್ದು? ಹುಣಸೂರ್ ಸ್ಟೇಷನ್ ಇಂದ್ಗಡೇನೇ ನಮ್ಮಂಗ್ಡಿ. ಜೀಪ್ ತನ್ನಿ, ಚಾ ಕುಡ್ಸಿ ಕಳಿಸ್ತೀನಿ.”

ಮುಖ ಮಾಯವಾಯಿತು. ಬೀದಿಯಲ್ಲಿ ನಗು ಎದ್ದು, ಎದ್ದಷ್ಟೇ ಬೇಗ ಬಿದ್ದುಹೋಯಿತು. ಯಾಕೆಂದರೆ ಎದುರುಮನೆಯಾಕೆ ನಕ್ಕಿರಲಿಲ್ಲ.

ನನ್ನ ಫೋನು ಕೈಯಿಂದ ಕೈಗೆ ಹೋಯಿತು. ಒಬ್ಬೊಬ್ಬರೂ ಹೆಸರು, ತಂದೆಯ ಹೆಸರು ಹೇಳಿ, “ನಂದು ನಿಲ್ಸಿ ಮೇಡಂ” ಎಂದರು. ಬಾವಿಮನೆಯ ಯಜಮಾನರಿಗೆ ಕಿವಿ ದೂರ. ಅವರ ಪರವಾಗಿ ಸೊಸೆ ಮಾತಾಡಿದಾಗ ವ್ಯವಸ್ಥಾಪಕಿ ಒಪ್ಪಲಿಲ್ಲ. ಅವರೇ ಬಾಯಿಬಿಟ್ಟು ಹೇಳುವವರೆಗೆ ಬೀದಿಯೆಲ್ಲ ಅವರ ಕಿವಿಯಲ್ಲಿ ಕೂಗಬೇಕಾಯಿತು. ಐದು ಖಾತೆಗಳು ಮುಟ್ಟದಂತೆ ನಿಂತವು. ಆರನೆಯದರಲ್ಲಿ ಮಗಳ ಸೀಟಿನ ಹಣ ಇರಲಿಲ್ಲ.

ಎದುರುಮನೆಯಾಕೆ ಸಹಾಯವಾಣಿಗೆ ಹೇಳಬೇಕಾದದ್ದನ್ನೆಲ್ಲ ನಾನು ಪಕ್ಕದಲ್ಲಿ ಕೂತು ಹೇಳಿಕೊಟ್ಟೆ. ಅವಳು ಅಳಲಿಲ್ಲ. ಮಾತು ಮುಗಿದ ಮೇಲೆ ಅಕ್ಕನನ್ನು ನೋಡದೆ, “ಕಾರ್ಡ್ ಕೊಟ್ಟೋಳು ನಾನೇ ಅಲ್ವಾ” ಎಂದಳು. ಅವಳ ಗಂಡ ಹೊಲದಿಂದ ಓಡಿಬಂದವನು ಅಷ್ಟು ಮೆತ್ತಗಿರಲಿಲ್ಲ. ಅಕ್ಕನಿಗೆ ಏನೂ ಅನ್ನಲಾರದೆ ನನ್ನ ಮೇಲೆ ತಿರುಗಿದ. “ಅಷ್ಟು ಓದ್ಕಂಡೋರು ಮನೇಲೇ ಇದ್ರಂತಲ್ಲ ಮೇಷ್ಟ್ರೆ, ಏನ್ ಮಾಡ್ತಿದ್ರಿ? ಕ್ಯಾಲೆಂಡ್ರು ನೋಡ್ತಿದ್ರಾ?” ಯಾರು ಅವನಿಗೆ ಅದನ್ನು ಹೇಳಿದ್ದರೋ ತಿಳಿಯದು.

ಸಾಬರ ಪಿಕಪ್ಪಿನಲ್ಲಿ, ಗೋಣಿತಾಟಿನ ಸುರುಳಿಗಳ ಮೇಲೆ ಕೂತು ಆರು ಮನೆಯವರೂ ನಾವೂ ಹುಣಸೂರಿಗೆ ಹೋದೆವು. ದಾರಿಯುದ್ದಕ್ಕೂ ಅಕ್ಕ ಫೋನನ್ನು ಸೆರಗಿನಲ್ಲಿ ಗಂಟು ಹಾಕಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಅದನ್ನು ಮುಟ್ಟಲು ಅಂಜುತ್ತಿದ್ದಳು, ಬಿಡಲೂ ಅಂಜುತ್ತಿದ್ದಳು. “ಜೀಪು ಬರಾಕಿಲ್ಲ ತಾನೆ?” ಎಂದು ಒಮ್ಮೆ ನನ್ನ ಕಿವಿಯಲ್ಲಿ ಕೇಳಿದಳು.

ಬ್ಯಾಂಕಿನಲ್ಲಿ ವ್ಯವಸ್ಥಾಪಕಿ ಎಲ್ಲರಿಗೂ ನೀರು ಕೊಡಿಸಿ ಮೊದಲು ಹೇಳಿದ್ದು ಆ ಮಾತನ್ನೇ. “ಅಮ್ಮಾ, ಫೋನಲ್ಲಿ ಯಾರನ್ನೂ ಅರೆಸ್ಟ್ ಮಾಡಲ್ಲ. ವೀಡಿಯೋದಲ್ಲಿ ಕೂರಿಸಿ ತನಿಖೆ ಮಾಡೋ ಕಾನೂನೇ ಇಲ್ಲ. ನಿಮ್ಮ ದುಡ್ಡನ್ನ ಸುರಕ್ಷಿತ ಖಾತೆಗೆ ಹಾಕ್ತೀವಿ ಅಂತ ಯಾವ ಬ್ಯಾಂಕೂ ಕೇಳಲ್ಲ.” ಅಕ್ಕ ತಲೆ ತಗ್ಗಿಸಿ ಕೇಳಿದಳು. ಸಂಜೆಯ ಹೊತ್ತಿಗೆ ಸಹಾಯವಾಣಿಯಿಂದ ಸುದ್ದಿ ಬಂತು. ಹೋದ ಹಣದಲ್ಲಿ ಬಹುಪಾಲು ಇನ್ನೊಂದು ಊರಿನ ಖಾತೆಯಲ್ಲಿ, ಯಾರೂ ಹೊರತೆಗೆಯುವ ಮೊದಲೇ ಸಿಕ್ಕಿಬಿದ್ದಿತ್ತು. ಅದನ್ನು ಅಲ್ಲಿ ತಡೆಹಿಡಿದಿದ್ದರು. ಮರಳಿ ಬರಲು ಕಾನೂನಿನ ದಾರಿ ಇದೆ, ವಾರಗಳಾಗಬಹುದು, ತಿಂಗಳಾಗಬಹುದು ಎಂದರು. ನರ್ಸಿಂಗ್ ಕಾಲೇಜಿನವರು ದೂರಿನ ಸ್ವೀಕೃತಿಯ ಪ್ರತಿ ನೋಡಿ ಗಡುವನ್ನು ಮುಂದೂಡಿದರು. ಮನ್ನಾ ಮಾಡಲಿಲ್ಲ, ಮುಂದೂಡಿದರು ಅಷ್ಟೇ.

ಅಂದೇ ಆರು ಮನೆಯವರೂ ತಂತಮ್ಮ ನಂಬರು ಕೊಟ್ಟರು. ಆದರೆ ದೂರು ದಾಖಲಾಗಿದ್ದು ಅಕ್ಕನ ನಂಬರಿನಲ್ಲಿ, ಓಟಿಪಿ ಬಂದದ್ದು ಅದಕ್ಕೇ. ಹಾಗಾಗಿ ಆ ಹಣದ ಬಗೆಗಿನ ಸುದ್ದಿ ಬಂದರೆ ಅಕ್ಕನ ಫೋನಿಗೇ ಬರಬೇಕಿತ್ತು. “ನಿಮ್ಮ ನಂಬರು ಮಾತ್ರ ಬದಲಾಯಿಸ್ಬೇಡಿ ಅಮ್ಮಾ,” ಎಂದರು ವ್ಯವಸ್ಥಾಪಕಿ.

“ಇಷ್ಟ್ ದಿನ ಬದ್ಲಾಯಿಸ್ದೆ ಇದ್ದುದ್ಕೇ ಇಂಗಾಗಿದ್ದು ಕಣವ್ವ,” ಎಂದಳು ಅಕ್ಕ.

ಹಾಳೆಯ ‘ಎಚ್ಚರಿಕೆ’ಯನ್ನು ನಾನು ಹೊಸದಾಗಿ ಬರೆದೆ. ‘ಯಾರಿಗೂ ಹೇಳಬೇಡಿ’ ಎಂಬುದನ್ನು ತೆಗೆದು, ‘ಗುಟ್ಟಾಗಿಡಿ ಎಂದು ಯಾರಾದರೂ ಬೆದರಿಸಿದರೆ ಮೊದಲು ಜಗಲಿಗೆ ಬಂದು ನಾಲ್ಕು ಜನರಿಗೆ ಕೇಳುವಂತೆ ಹೇಳಿ’ ಎಂದು ಬರೆದಿದ್ದೆ. ವ್ಯವಸ್ಥಾಪಕಿ ನಕ್ಕು, “ಸಾರ್, ಜನ ಓಟಿಪಿನೇ ಕೂಗಿ ಹೇಳಿಬಿಟ್ರೆ?” ಎಂದರು. ಕೊನೆಗೆ ಎರಡನ್ನೂ ಬೇರೆ ಬೇರೆಯಾಗಿ ಬರೆಯಬೇಕಾಯಿತು. ಓಟಿಪಿ ಬೀದಿಯ ನಂಬಿಕಸ್ಥರಿಗೂ ಬೇಡ, ಬೆದರಿಕೆ ಎಲ್ಲರಿಗೂ ತಿಳಿಯಲಿ. ಖಾತೆ ಯಾರದೋ ನಂಬರೂ ಅವರದೇ ಇರಲಿ. ಹಣ ಹೋದದ್ದು ಗೊತ್ತಾದ ಕ್ಷಣವೇ ಬ್ಯಾಂಕಿಗೂ ಸಹಾಯವಾಣಿಗೂ ತಿಳಿಸಿ, ನಾಚಿಕೆ ಆಮೇಲೆ. ‘ನಾಚಿಕೆ ಆಮೇಲೆ’ ಎಂಬ ಈ ಕೊನೆಯ ಎರಡು ಪದಗಳನ್ನು ಮುಖ್ಯ ಕಚೇರಿಯವರು ಹೊಡೆದುಹಾಕಲು ಹೊರಟಿದ್ದರು. ಅವು ಇರಲೇಬೇಕೆಂದು ನಾನು ಹಟ ಹಿಡಿದೆ.

ಹಾಳೆ ಅಚ್ಚಾಗಿ ಬಂದ ಮೇಲೆ ಒಂದು ಪ್ರತಿ ಹಿಡಿದು ಅಕ್ಕನ ಮನೆಗೆ ಹೋದೆ. ಹರಾಜು ಇನ್ನೂ ನಡೆಯುತ್ತಿತ್ತು. ಬೀದಿ ಮೊದಲಿನಂತಿರಲಿಲ್ಲ. ಅವರವರ ಸುದ್ದಿ ಅವರವರ ಜೇಬಿಗೆ ಬರುತ್ತ, ಯಾರೂ ಯಾರನ್ನೂ ಕೂಗುತ್ತಿರಲಿಲ್ಲ. ಅಕ್ಕ ಜಗಲಿಯಲ್ಲಿ ಕೂತಿದ್ದಳು, ಪಕ್ಕದಲ್ಲಿ ಫೋನು. ಎದುರು ಜಗಲಿಯಲ್ಲಿ ಆ ಮನೆಯಾಕೆ, ಮುಂದೆ ಎಲೆಯ ರಾಶಿ. ಆ ದಿನದಿಂದ ಇವರಿಬ್ಬರೂ ಮಾತು ಬಿಟ್ಟಿರಲಿಲ್ಲ. ಮೊಸರು, ಬೇಳೆ, ಮಳೆ ಎಲ್ಲದರ ಮಾತೂ ಆಗುತ್ತಿತ್ತಂತೆ. ‘ನಂದಾ?’ ಎಂಬುದೊಂದನ್ನು ಮಾತ್ರ ಎದುರುಮನೆಯಾಕೆ ಕೇಳುತ್ತಿರಲಿಲ್ಲ. ಅದನ್ನು ಹೇಳುವಾಗ ಅಕ್ಕನ ದನಿ ಸಣ್ಣದಾಯಿತು. “ಬಯ್ದಿದ್ರೂ ತಡ್ಕಬೋದಿತ್ತು ಕಣೋ. ಕೇಳೋದೇ ಬುಟ್ಟವ್ಳೆ.”

ಅವಳು ಕನ್ನಡಕ ಏರಿಸಿ ಹಾಳೆಯನ್ನು ಮೊದಲಿನಿಂದ ಓದತೊಡಗಿದಳು. ಭೇರ್ಯದ ಲಾಕರಿನ ಸುದ್ದಿ ಮುಗಿಸಿ ‘ಎಚ್ಚರಿಕೆ’ಗೆ ಬಂದಿದ್ದಳು.

ಕೋಳಿ ಕೂಗಿತು.

ಬೀದಿಯಲ್ಲಿ ಯಾರೂ ತಲೆ ಎತ್ತಲಿಲ್ಲ. ಎದುರು ಜಗಲಿಯಲ್ಲಿ ಒಂದು ಎಲೆ ಅರ್ಧಕ್ಕೆ ನಿಂತಿತು. ಅಕ್ಕ ಫೋನು ಎತ್ತಿಕೊಂಡಳು. ಅವಳ ತುಟಿಗಳು ಅಕ್ಷರಗಳನ್ನು ಕೂಡಿಸುತ್ತಿದ್ದವು.

“ಅಕ್ಕಾ,” ಎಂದಿತು ಎದುರಿನ ದನಿ. ಸ್ವಲ್ಪ ತಡೆದು, “ನಂದಾ?”

ಅಕ್ಕ ಪರದೆಯಿಂದ ಕಣ್ಣೆತ್ತಿದಳು. “ಅಲ್ಲ ಕಣವ್ವ. ಅದ್ಯಾವ್ದೋ ರೀಚಾರ್ಜಿಂದು.”

“ಊಂ. ಬತ್ತದೆ ಬುಡಿ,” ಎಂದು ಅವಳು ಎಲೆಯನ್ನು ಬೆಳಕಿಗೆ ಹಿಡಿದಳು.

“ಬಂದೇಟ್ಗೆ ಕೂಗ್ತೀನಿ,” ಎಂದಳು ಅಕ್ಕ. ಫೋನನ್ನು ಜಗಲಿಯ ಅಂಚಿಗೆ, ಎದುರುಮನೆಗೆ ಹತ್ತಿರವಾಗುವಂತೆ ಸರಿಸಿಟ್ಟಳು.